ಕರಿಯನೊಡನೆ ಧೌಲಾಧಾರ್ ಬೆಟ್ಟಕ್ಕೆ

ನಾಯಿಯನ್ನು ಕಟ್ಟಿಕೊಂಡು ಹಿಮದ ಬೆಟ್ಟ ಹತ್ತಲು ಹೊರಟೆವೆಂದರೆ ನೀವು ನಗುತ್ತೀರಿ. ಊರಿನಿಂದ ನಮ್ಮತ್ತೆಯೂ ಫೋನಿನಲ್ಲಿ ನಕ್ಕರು. "ಮಕ್ಕಳನ್ನ ಹಾಸ್ಟೆಲ್ಲಿಗೆ ಹಾಕಿ ನಾಯಿ ಹಿಂದೆ ಬಿದ್ದಿದ್ದೀರಲ್ಲೇ" ಎಂದರು. ಏನು ಮಾಡಲಿ? ಇವರಿಗೆ ಹಾಸನದಿಂದ ಧರ್ಮಶಾಲೆಗೆ ವರ್ಗವಾದ ಮೇಲೆ ಹಗಲೆಲ್ಲಾ ನನ್ನ ಕನ್ನಡ ಕೇಳಿಸಿಕೊಳ್ಳುವ ಜೀವ ಅದೊಂದೇ.

ಕರಿಯ ಗದ್ದಿ ಜಾತಿಯ ನಾಯಿ. ಗದ್ದಿಗಳೆಂದರೆ ಹಿಮಾಚಲದ ಕುರಿಗಾಹಿಗಳು. ಬೇಸಿಗೆಯಲ್ಲಿ ಮಂದೆ ಹೊಡೆದುಕೊಂಡು ಧೌಲಾಧಾರ್ ಸಾಲು ದಾಟಿ ಚಂಬಾ ಕಡೆ ಹೋಗುತ್ತಾರೆ, ಚಳಿಗೆ ಮುಂಚೆ ಕಾಂಗಡಾ ಕಡೆ ಇಳಿಯುತ್ತಾರೆ. ಮಂದೆ ಕಾಯುವುದು ಈ ನಾಯಿಗಳೇ. ನಮ್ಮ ಮುಧೋಳ ನಾಯಿಗೆ ಮೊದಲೇ ಇದ್ದ ಸ್ವದೇಶಿ ತಳಿಯೆಂಬ ಮಾನ್ಯತೆ 2025ರಲ್ಲಿ ಇದಕ್ಕೂ ದೊರೆಯಿತು. ಆದರೆ ನಮ್ಮ ಕರಿಯ ಸೋಫಾದ ಕೆಳಗೆ ಮಲಗಿ, ಮೊಸರನ್ನ ತಿಂದು ಬೆಳೆದವನು!

ಇವರಿಗೆ ಇಂದ್ರಹಾರ ಪಾಸಿನ ಹುಚ್ಚು. 4,342 ಮೀಟರ್ ಎತ್ತರದಲ್ಲಿ ಬೆಟ್ಟದ ಸಾಲನ್ನು ದಾಟುವ ದಾರಿ ಅದು. ನಮ್ಮ ಮುಳ್ಳಯ್ಯನಗಿರಿಯ ಎರಡರಷ್ಟಕ್ಕಿಂತ ಹೆಚ್ಚು. ಮತ್ತೆ ವರ್ಗವಾಗುವ ಸುದ್ದಿ ಬಂದಿತ್ತು. ಈ ಅಕ್ಟೋಬರ್ ಬಿಟ್ಟರೆ ಇನ್ನಿಲ್ಲ ಎಂದು, ದಾರಿ ಬಲ್ಲ ಸ್ಥಳೀಯ ಹುಡುಗನೊಬ್ಬನನ್ನು ಜೊತೆಮಾಡಿಕೊಂಡು ಹೊರಟೆವು.

ನನ್ನ ಚೀಲದಲ್ಲಿ ಮೆಂತ್ಯದ ಚಪಾತಿ, ಒಗ್ಗರಣೆ ಅವಲಕ್ಕಿ, ಚಟ್ನಿಪುಡಿ, ಬೆಲ್ಲ. ಕರಿಯನಿಗೆ ಬೇರೆ ಸಪ್ಪೆ ಚಪಾತಿ. ನಾಯಿ ಸಾಕಿದವರು ಗಮನದಲ್ಲಿಡಿ, ಈರುಳ್ಳಿ ಬಿದ್ದ ಯಾವುದನ್ನೂ ಅದಕ್ಕೆ ಹಾಕಬಾರದು, ವಿಷ. ನೀರನ್ನೂ ಮೂರು ಜನಕ್ಕಾಗುವಷ್ಟಲ್ಲ, ನಾಲ್ಕು ಜನಕ್ಕೆಂದು ಲೆಕ್ಕಹಾಕಿ ಹೊರಬೇಕು.

ಮೆಕ್ಲಿಯೋಡ್‌ಗಂಜ್‌ನಿಂದ ಧರ್ಮಕೋಟ್, ಗಲ್ಲು ದೇವಿಯ ಗುಡಿ ದಾಟಿ ತ್ರಿಯುಂಡಿಗೆ ಸುಮಾರು ಒಂಬತ್ತು ಕಿಲೋಮೀಟರ್. ಕರಿಯ ಹತ್ತು ಹೆಜ್ಜೆ ಮುಂದೆ ಓಡುವುದು, ನಾನು ಏದುಸಿರು ಬಿಡುತ್ತಿದ್ದರೆ ತಿರುಗಿ ಬಂದು ಮೂಸಿ ಹೋಗುವುದು. ತ್ರಿಯುಂಡಿನ ಹುಲ್ಲು ದಿಣ್ಣೆ ಹತ್ತಿದ ಕೂಡಲೇ ಎದುರಿಗೆ ಧೌಲಾಧಾರದ ಗೋಡೆ! ನನಗಂತೂ ಅಲ್ಲಿಗೇ ಯಾತ್ರೆ ಸಂಪೂರ್ಣವಾಗಿತ್ತು.

ಆ ರಾತ್ರಿ ಇನ್ನೂ ಮೇಲೆ, ಲಾಕಾ ಹತ್ತಿರ ಗುಡಾರ. ಕರಿಯನನ್ನು ಹೊರಗೆ ಕಟ್ಟಲು ಹುಡುಗ ಬಿಡಲಿಲ್ಲ, ಚಿರತೆ ಮೊದಲು ನಾಯಿಗೇ ಕೈಹಾಕುತ್ತದಂತೆ. ಸರಿ, ನಮ್ಮಿಬ್ಬರ ನಡುವೆ ಮಲಗಿದ. ಆ ಚಳಿಯಲ್ಲಿ ಎರಡು ರಜಾಯಿಗೆ ಸಮ.

ಬೆಳಿಗ್ಗೆಯಿಂದ ಬರೀ ಬಂಡೆಗಳ ದಾರಿ. ಲಹೇಶ್ ಗವಿ ಇನ್ನೂ ದೂರವಿತ್ತು. ಒಂದು ಬಂಡೆಯ ಮೇಲೆ ಕೆಂಪು ಹೆಜ್ಜೆಗುರುತು ಕಂಡೆ. ಕರಿಯನ ಮುಂಗಾಲಿನ ಅಡಿ ಸೀಳಿತ್ತು. ಕುಂಟುತ್ತಲೂ ನಮ್ಮ ಹಿಂದೆ ಬರುತ್ತಿದ್ದ, ಸದ್ದಿಲ್ಲದೆ.

"ಹಿಂದಕ್ಕೆ ಹೋಗೋಣ" ಎಂದೆ.

"ನೀನು, ಹುಡುಗ ಇಲ್ಲೇ ಇರಿ. ನಾನು ಹೋಗಿಬರ್ತೀನಿ."

"ಒಬ್ಬರೇನಾ? ಮೂವತ್ತು ಕಿಲೋ ನಾಯಿಯನ್ನು ನಾನು ಎತ್ತಲಾ?"

ಆ ಬೆಟ್ಟದಲ್ಲಿ ನಮ್ಮಿಬ್ಬರ ಜಗಳ ಕೇಳಲು ಕಾಗೆಗಳು ಮಾತ್ರ ಇದ್ದವು ಎಂದುಕೊಂಡಿದ್ದೆ. ಅಷ್ಟರಲ್ಲಿ ಮೇಲಿನಿಂದ ಮಂದೆ ಇಳಿದುಬಂತು. ಜೊತೆಗೆ ಎರಡು ದೊಡ್ಡ ನಾಯಿ, ಕತ್ತಿನಲ್ಲಿ ಮುಳ್ಳಿನ ಕಬ್ಬಿಣದ ಪಟ್ಟಿ. ಚಿರತೆ ಕತ್ತಿಗೇ ಬಾಯಿಹಾಕುವುದರಿಂದ ಆ ಪಟ್ಟಿ. ನಮ್ಮ ಕರಿಯನ ಕೆಂಪು ಬೆಲ್ಟು, ಗೆಜ್ಜೆ ನೋಡಿ ನನಗೇ ನಾಚಿಕೆಯಾಯಿತು. ಅವನೋ, ನನ್ನ ಕಾಲಸಂದಿಯಲ್ಲಿ ಅವಿತ.

ಮುದುಕ ಕುರಿಗಾಹಿ ತನ್ನ ನಾಯಿಗಳನ್ನು ಗದರಿಸಿ, ಕರಿಯನ ಕಾಲು ಹಿಡಿದು ನೋಡಿದ. ಅವನ ಉಣ್ಣೆಯ ಚೋಲಾದೊಳಗಿಂದ ಪುಟ್ಟ ಮರಿಯೊಂದು ಇಣುಕುತ್ತಿತ್ತು. ಸೊಂಟಕ್ಕೆ ಸುತ್ತಿದ ಕರಿಯ ಉಣ್ಣೆಹಗ್ಗದ ಮೇಲೆ ಮರಿಯನ್ನು ಕೂರಿಸಿಕೊಂಡು ಅವರು ಬೆಟ್ಟ ದಾಟುತ್ತಾರೆ. "ನಡೆಯಲಾರದ್ದನ್ನು ಹೊರಬೇಕು ಬಾಬೂಜಿ" ಎಂದು ಹಿಂದಿಯಲ್ಲಿ ಹೇಳಿ ಹೊರಟೇಹೋದ. ಉಪದೇಶವೇನಲ್ಲ, ದಾರಿ ಕೇಳಿದವರಿಗೆ ಹೇಳಿದ ಹಾಗೆ.

ಇವರು ಮಾತಾಡಲಿಲ್ಲ. ನನ್ನ ಶಾಲು ಕೇಳಿದರು. ಕರಿಯನನ್ನು ಅದರಲ್ಲಿ ಕಟ್ಟಿ ಬೆನ್ನಿಗೇರಿಸಿದರು. ಅವರು ಸ್ವಲ್ಪ ದೂರ, ಹುಡುಗ ಸ್ವಲ್ಪ ದೂರ ಹೊತ್ತರು. ಎರಡು ಗಂಟೆಯಲ್ಲಿ ಹತ್ತಿದ್ದನ್ನು ಇಳಿಯಲು ನಾಲ್ಕು ಗಂಟೆ ಹಿಡಿಯಿತು. ನಾನು ಹಿಂದಿನಿಂದ ಮೂರು ಚೀಲ ಹೊತ್ತು ಬಂದೆ, ಅದನ್ನು ಯಾರೂ ಹೇಳುವುದಿಲ್ಲ.

ಸಂಜೆ ಲಾಕಾದಲ್ಲಿ ಗಾಯ ತೊಳೆದು, ಇವರ ಕಾಲುಚೀಲವನ್ನೇ ತೊಡಿಸಿದೆವು. ಮೋಡ ಸರಿದು ಇಂದ್ರಹಾರ ಕೆಂಪಗೆ ಕಂಡಿತು. ಇವರು ಅದಕ್ಕೆ ಬೆನ್ನುಮಾಡಿ ಕೂತು, ತಮ್ಮ ಪಾಲಿನ ಬೆಲ್ಲವನ್ನು ಚಪಾತಿಯಲ್ಲಿ ಸುತ್ತಿ ಕರಿಯನಿಗೆ ತಿನ್ನಿಸುತ್ತಿದ್ದರು.