ಗಾಳಿ ಹಿಡಿದ ಲಾರಿ

ಡೀಸೆಲ್ ಎಂಜಿನ್ನಿನ ವಿಷಯ ಗಂಡಸರದು, ನಮಗೇಕೆ ಎಂದು ಪುಟ ತಿರುವಬೇಡಿ. ಪಂಪ್ ಸ್ಟೋವ್ ಹಚ್ಚಿ ಸಂಸಾರ ಮಾಡಿದವರಿಗೆ ಅದು ಅಷ್ಟೇನೂ ಪರಕೀಯವಲ್ಲ. ಸ್ಟೋವ್ ಬುಸ್‌ಬುಸ್ ಎಂದು ಉರಿ ಏರಿಳಿಸಿದರೆ ನಾವು ಸ್ಟೋವನ್ನೇ ಬದಲಿಸುವುದಿಲ್ಲ. ಎಣ್ಣೆ ಇದೆಯೇ, ಅದರಲ್ಲಿ ನೀರು ಬೆರೆತಿದೆಯೇ ಎಂದು ಒಂದೊಂದಾಗಿ ನೋಡಿ, ಕೊನೆಗೆ ಪಿನ್ನು ಚುಚ್ಚುತ್ತೇವೆ. ಲಾರಿಯ ವೈದ್ಯವೂ ಇಷ್ಟೇ ಎಂದು ನನಗೆ ತಿಳಿದದ್ದು 1994ರ ಕಬ್ಬಿನ ಹಂಗಾಮಿನಲ್ಲಿ.

ಆಗ ಜಮಖಂಡಿ ಇನ್ನೂ ಬಿಜಾಪುರ ಜಿಲ್ಲೆಯಲ್ಲಿತ್ತು. ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ. ಕೃಷ್ಣೆಯ ದಂಡೆಯ ಹೊಲಗಳಿಂದ ಸಮೀರವಾಡಿಗೆ ಕಬ್ಬು ಹೊರುವ ಹಳೆಯ ಲಾರಿಯೊಂದೇ ನಮ್ಮ ಮನೆಯ ಅನ್ನ. ಅದು ಕೆಮ್ಮತೊಡಗಿತು. ನಿಂತಲ್ಲಿ ಗಡಗಡ ನಡುಗುವುದು, ದಿಬ್ಬ ಬಂದರೆ ದಮ್ಮು ಬಿಡುವುದು, ಕೆಲವೊಮ್ಮೆ ನಡುದಾರಿಯಲ್ಲೇ ಆರಿಹೋಗುವುದು. ಕಡಿದ ಕಬ್ಬು ಕಾಯುವುದಿಲ್ಲ. ಬಿಸಿಲಿಗೆ ತೂಕವೂ ಇಳಿಯುತ್ತದೆ, ಸಕ್ಕರೆಯೂ ಇಳಿಯುತ್ತದೆ. ರೈತರು ಬೇರೆ ಗಾಡಿ ಹುಡುಕತೊಡಗಿದರು. ಒಂದು ಗ್ಯಾರೇಜಿನವರು ಪಂಪನ್ನು ಪೂರ್ತಿ ಬಿಚ್ಚಬೇಕೆಂದರು. ಅವರು ಹೇಳಿದ ಹಣಕ್ಕೆ ನನ್ನ ಪಾಟ್ಲಿಗಳೇ ಗತಿ. ನಮ್ಮವರು ಬಾಯಿಬಿಟ್ಟು ಏನೂ ಕೇಳಲಿಲ್ಲ. ಊಟಕ್ಕೆ ಕೂತಾಗ ನನ್ನ ಕೈ ನೋಡಿ ತಲೆ ತಗ್ಗಿಸಿದರು. ಅದೇ ಕೇಳಿದ ಹಾಗೆ.

ಅಡವಿಡುವ ಮೊದಲು ಇನ್ನೊಬ್ಬರಿಗೆ ತೋರಿಸೋಣವೆಂದು ನಮ್ಮ ಓಣಿಯ ಮುದುಕ ಮಿಸ್ತ್ರಿಯನ್ನು ನಾನೇ ಕರೆಸಿದೆ.

"ಪಂಪಿನ ಮಾತು ಕಡೀಕ ಯವ್ವಾ. ಮೊದಲ ಅದರ ಹೊಟ್ಟಿಗಿ ಎಣ್ಣಿ ಸರಿಯಾಗಿ ಬರತೈತೋ ಇಲ್ಲೋ ನೋಡೂಣು" ಎಂದರು.

ಎಂಜಿನ್ ನಡೆಯುತ್ತಿರುವಾಗಲೇ ಆರು ಪೈಪುಗಳ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸಿ ಬಿಗಿದರು. ಸತ್ತ ಸಿಲಿಂಡರಿನ ನಟ್ಟು ಸಡಿಲಿಸಿದರೆ ಸದ್ದು ಬದಲಾಗುವುದಿಲ್ಲವಂತೆ. ಇಲ್ಲಿ ಆರಕ್ಕೂ ಬದಲಾಯಿತು. ಅಂದರೆ ದೋಷ ಉಣ್ಣುವ ಒಬ್ಬರಲ್ಲಿಲ್ಲ, ಬಡಿಸುವ ಕಡೆ ಇದೆ. ಟ್ಯಾಂಕಿನ ಮುಚ್ಚಳದ ಗಾಳಿರಂಧ್ರ ನೋಡಿದರು, ಫಿಲ್ಟರ್ ಬದಲಿಸಿದರು. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತಿದರೆ ಡೀಸೆಲ್ ಜೊತೆ ನೊರೆ! ಎಷ್ಟು ಒತ್ತಿದರೂ ಗುಳ್ಳೆ ನಿಲ್ಲಲಿಲ್ಲ.

ಡೀಸೆಲ್ ಎಂಜಿನ್ನಿಗೆ ಕಿಡಿ ಹಾರಿಸುವ ಪ್ಲಗ್ ಇಲ್ಲ. ಅದುಮಿದ ಗಾಳಿಯ ಕಾವಿಗೇ ಎಣ್ಣೆ ಹೊತ್ತಿಕೊಳ್ಳಬೇಕು. ಅದಕ್ಕಾಗಿ ಇಂಥ ಲಾರಿಗಳಲ್ಲಿ ಎಣ್ಣೆಯನ್ನು ವಾತಾವರಣದ ಸುಮಾರು 200 ಪಟ್ಟು ಒತ್ತಡದಲ್ಲಿ ಸಿಂಪಡಿಸುತ್ತಾರೆ. ಎಣ್ಣೆ ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಒತ್ತಡವನ್ನೆಲ್ಲ ಗುಳ್ಳೆಯೇ ನುಂಗಿದರೆ ಎಣ್ಣೆ ಸಿಡಿಯುವುದು ಎಲ್ಲಿಂದ?

ಮಿಸ್ತ್ರಿ ಒಂದು ಕ್ಯಾನಿನಲ್ಲಿ ಡೀಸೆಲ್ ತುಂಬಿ ಎತ್ತರಕ್ಕೆ ಕಟ್ಟಿದರು. ಟ್ಯಾಂಕಿನ ಪೈಪು ಕಳಚಿ, ಕ್ಯಾನಿನಿಂದ ನೇರವಾಗಿ ಎಣ್ಣೆ ಕೊಟ್ಟು, ಗಾಳಿ ತೆಗೆದು ಚಾಲೂ ಮಾಡಿದರು. ಲಾರಿ ಹದಿನಾರರ ಹುಡುಗಿಯಂತೆ ಹಾಡಿತು. ಪಂಪ್ ಗಟ್ಟಿಯಾಗಿಯೇ ಇತ್ತು. ಟ್ಯಾಂಕಿನಿಂದ ಬರುವ ದಾರಿಯಲ್ಲಿ, ಕ್ಲಿಪ್ಪಿನ ಕೆಳಗೆ, ಒಂದು ಗೇಣು ರಬ್ಬರ್ ಪೈಪು ಬಿರಿದಿತ್ತು. ಹೊರಗೆ ಒಂದು ಹನಿ ಪಸೆಯೂ ಇಲ್ಲ.

"ಎಣ್ಣಿ ದಬ್ಬೂ ಕಡೆ ಒಡದ್ರ ಹೊರಗ ಸೋರತೈತಿ. ಇದು ಎಳಕೊಳ್ಳೂ ಕಡಿ. ಹಂಗಾಗಿ ಗಾಳಿ ಒಳಗ ಸೋರೈತಿ" ಎಂದರು ಮಿಸ್ತ್ರಿ.

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಸಂಸಾರದಲ್ಲೂ ಹೊರಗೆ ಸೋರುವ ಜಗಳ ಎಲ್ಲರಿಗೂ ಕಾಣುತ್ತದೆ. ನುಂಗಿಕೊಂಡ ಮಾತು ಒಳಗೊಳಗೇ ದಮ್ಮು ಕಟ್ಟಿಸುತ್ತದೆ.

ಅಂದು ರಾತ್ರಿಯೇ ಕಬ್ಬು ಹೊರಟಿತು. ಪಾಟ್ಲಿ ಕೈಯಲ್ಲೇ ಉಳಿದವು. 1998ರಲ್ಲಿ ಮಗಳ ಕಾಲೇಜು ಫೀಗೆಂದು ನಾನೇ ಅವನ್ನು ಬಿಚ್ಚಿಕೊಟ್ಟೆ. ಆಗ ಮನೆಯಲ್ಲಿ ಯಾರೂ ತಲೆ ತಗ್ಗಿಸಬೇಕಾಗಿರಲಿಲ್ಲ.