ಗಾಳಿ ರುಜು ಹಾಕಿದರೆ ಸ್ಟ್ಯಾನ್ಲಿ

ದೊಡ್ಡ ಹಡಗು ಸ್ಟ್ಯಾನ್ಲಿ ಊರಿನೊಳಗೆ ಬರುವುದಿಲ್ಲ. ಪೋರ್ಟ್ ವಿಲಿಯಂ ಕೊಲ್ಲಿಯಲ್ಲೇ ಲಂಗರು ಹಾಕಿ ನಿಂತಿದೆ. ನೀವೀಗ ದಡಕ್ಕೆ ಒಯ್ಯುವ ಟೆಂಡರ್ ದೋಣಿಯಲ್ಲಿ, ಪಕ್ಕದವರ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತಿದ್ದೀರಿ. ಇಳಿಸುತ್ತಾರೋ ಇಲ್ಲವೋ ಎಂಬುದು ಬೆಳಗಿನವರೆಗೂ ಖಾತ್ರಿಯಿರಲಿಲ್ಲ. ಫಾಕ್‌ಲ್ಯಾಂಡ್ ದ್ವೀಪಗಳಲ್ಲಿ ಕಾರ್ಯಕ್ರಮಪಟ್ಟಿಯನ್ನು ಯಾರೇ ಬರೆಯಲಿ, ರುಜು ಹಾಕುವುದು ಗಾಳಿ.

ನ್ಯಾರೋಸ್ ಎಂಬ ಇಕ್ಕಟ್ಟಿನ ದಾರಿ ದಾಟಿದ್ದೇ ತಡ, ಅಲೆ ತಗ್ಗುತ್ತದೆ. ಎದುರಿನ ಇಳಿಜಾರಿನಲ್ಲಿ ಕೆಂಪು, ಹಸಿರು, ನೀಲಿ ಬಳಿದ ತಗಡಿನ ಮಾಡುಗಳು. ಕಟ್ಟೆಗೆ ಕಾಲಿಟ್ಟೊಡನೆ ಟೋಪಿ ಹಿಡಿದುಕೊಳ್ಳಿ. ಡಿಸೆಂಬರ್ ಇಲ್ಲಿ ಬೇಸಿಗೆ, ಆದರೆ ನಿಮ್ಮ ಮೂಗು ಅದನ್ನು ನಂಬಲು ತಯಾರಿಲ್ಲ. ಇಡೀ ದ್ವೀಪಸಮೂಹದ ಜನಸಂಖ್ಯೆಯೇ ಸುಮಾರು 3,600. ದೊಡ್ಡದೊಂದು ಹಡಗು ಬಂದರೆ ರಾಸ್ ರಸ್ತೆಯಲ್ಲಿ ಊರಿನವರನ್ನು ಹುಡುಕಬೇಕು.

ಎಲ್ಲರೂ ನಡೆಯುವುದು 1892ರಲ್ಲಿ ಪ್ರತಿಷ್ಠೆಯಾದ ಕ್ರೈಸ್ಟ್ ಚರ್ಚ್ ಕ್ಯಾಥೆಡ್ರಲ್ ಕಡೆಗೆ. ಪಕ್ಕದಲ್ಲಿ ಕಮಾನು: ಎರಡು ನೀಲಿ ತಿಮಿಂಗಿಲಗಳ ನಾಲ್ಕು ದವಡೆಮೂಳೆಗಳನ್ನು 1933ರಲ್ಲಿ ನೆಟ್ಟದ್ದು. ದೂರದಿಂದ ಅಲಂಕಾರದಂತೆ ಕಾಣುತ್ತದೆ. ಅಡಿಯಲ್ಲಿ ನಿಂತು ತಲೆಯೆತ್ತಿದಾಗಲೇ, ಇದು ಒಂದು ಪ್ರಾಣಿಯ ಬಾಯಿ ಎಂಬುದು ಹೊಳೆದು ಎದೆ ಝಲ್ಲೆನ್ನುತ್ತದೆ. ಹಿಂದಿರುವವರು ಫೋಟೋಕ್ಕೆ ಅವಸರ ಮಾಡುತ್ತಿದ್ದಾರೆ, ಸರಿದುಕೊಳ್ಳಿ.

ನನ್ನನ್ನು ಕೇಳಿದರೆ, ನೋಡಬೇಕಾದದ್ದು ಬಂದರಿನ ಪಶ್ಚಿಮ ತುದಿ. ಅಲ್ಲಿ ಕೆಸರಿನಲ್ಲಿ ಕುಸಿದು ಬಿದ್ದಿರುವ ಕಪ್ಪು ಮರದ ರಾಶಿಯ ಹೆಸರು ‘ಝೇಲಂ’. ಹೌದು, ಪಂಜಾಬಿನ ನದಿಯದೇ ಹೆಸರು. 1849ರಲ್ಲಿ ಲಿವರ್‌ಪೂಲಿನಲ್ಲಿ ಕಟ್ಟಿದ ಹಡಗು. 1870ರಲ್ಲಿ ಸೋರುತ್ತಾ ಇಲ್ಲಿಗೆ ಬಂದದ್ದು ಮತ್ತೆ ಹೊರಡಲಿಲ್ಲ. ಕೇಪ್ ಹಾರ್ನ್ ಸುತ್ತುವಾಗ ಪೆಟ್ಟು ತಿಂದ ಹಡಗುಗಳಿಗೆ ಆಗ ಇದೇ ಆಸರೆ. ಮುಂದೆ ಹೋಗಲಾಗದವರು ಇದ್ದದ್ದರಿಂದಲೇ ಊರು ಬೆಳೆಯಿತು. 1914ರಲ್ಲಿ ಪನಾಮ ಕಾಲುವೆ ತೆರೆದ ಮೇಲೆ ಈ ದಾರಿಗೆ ಬರುವ ಹಡಗುಗಳೇ ಕಡಿಮೆಯಾದವು. ಆಚೆ ಸ್ಪ್ಯಾರೋ ಕೋವ್‌ನಲ್ಲಿ ‘ಗ್ರೇಟ್ ಬ್ರಿಟನ್’ ಹಡಗೂ 1937ರಿಂದ ಮುಳುಗಿ ಕೂತಿತ್ತು. 1857ರ ದಂಗೆಯ ಹೊತ್ತಿಗೆ ಬ್ರಿಟಿಷ್ ಸೈನಿಕರನ್ನು ಭಾರತಕ್ಕೆ ಹೊತ್ತು ತಂದದ್ದರಲ್ಲಿ ಅದೂ ಒಂದು. 1970ರಲ್ಲಿ ಅದನ್ನೆತ್ತಿ ಬ್ರಿಸ್ಟಲ್‌ಗೆ ಒಯ್ದರು. ಝೇಲಂಗೆ ಆ ಭಾಗ್ಯ ಬರಲಿಲ್ಲ.

ಬಸ್ಸು ಜಿಪ್ಸಿ ಕೋವ್‌ಗೆ ಹೊರಟಿದೆ, ಹತ್ತಿ. ಕಾಲುದಾರಿಯ ಪಕ್ಕದ ಬಿಲವೊಂದರಿಂದ ಮೆಗಲಾನಿಕ್ ಪೆಂಗ್ವಿನ್ ಕತ್ತು ಹೊರಹಾಕಿ, ಒಂದು ಕಣ್ಣಿನಿಂದ ನಿಮ್ಮನ್ನು ನೋಡಿ, ಕತ್ತು ತಿರುಗಿಸಿ ಇನ್ನೊಂದರಿಂದ ನೋಡುತ್ತದೆ. ಆಮೇಲೆ ಕತ್ತೆಯಂತೆ ಅರಚುತ್ತದೆ! ಪಕ್ಕದ ಯಾರ್ಕ್ ಬೇ ಮರಳು ಬೆಳ್ಳಗೆ ಹಾಸಿಕೊಂಡಿದೆ. ಈ ದ್ವೀಪಗಳಿಗಾಗಿ ಬ್ರಿಟನ್ನಿನೊಡನೆ ನಡೆದ 1982ರ ಯುದ್ಧದಲ್ಲಿ ಅರ್ಜೆಂಟೀನಾದ ಸೈನಿಕರು ಅಲ್ಲಿ ನೆಲಬಾಂಬು ಹೂತಿದ್ದರು. ಮನುಷ್ಯರಿಗೆ ಬೇಲಿ ಬಿತ್ತು. ಸ್ಫೋಟಿಸುವಷ್ಟು ತೂಕವಿಲ್ಲದ ಪೆಂಗ್ವಿನ್‌ಗಳು ಮೂವತ್ತೆಂಟು ವರ್ಷ ಕಡಲತೀರವನ್ನು ತಾವೇ ಅನುಭವಿಸಿದವು. ಬಾಂಬುಗಳನ್ನು ಒಂದೊಂದಾಗಿ ಅಗೆದು ತೆಗೆದವರಲ್ಲಿ ಹೆಚ್ಚಿನವರು ಜಿಂಬಾಬ್ವೆಯವರು. 2020ರ ನವೆಂಬರಿನಲ್ಲಿ ಕೆಲಸ ಮುಗಿದಾಗ ಊರಿನವರು ಆ ಮರಳಿಗೆ ಓಡಿದರು. ಜಿಂಬಾಬ್ವೆಯ ಕೆಲವರು ಇಲ್ಲೇ ಮನೆ ಮಾಡಿಕೊಂಡಿದ್ದಾರೆ.

ಮರಳಿ ಊರಿಗೆ ಬಂದರೆ ಅಂಗಡಿಗಳ ತುಂಬ ಬಟ್ಟೆಯ ಪೆಂಗ್ವಿನ್. ನಿಮ್ಮ ದುಡ್ಡಿನಿಂದಲೇ ಊರು ನಡೆಯುತ್ತಿದೆ ಎಂದುಕೊಳ್ಳಬೇಡಿ. ಇಲ್ಲಿಯ ಖಜಾನೆ ತುಂಬಿಸುವುದು ಮುಖ್ಯವಾಗಿ ಸ್ಕ್ವಿಡ್ ಮೀನುಗಾರಿಕೆಯ ಲೈಸೆನ್ಸ್ ಶುಲ್ಕ. ಗಲ್ಲೆಯಲ್ಲಿ ಚಿಲ್ಲರೆಯಾಗಿ ಕೊಟ್ಟದ್ದು ಫಾಕ್‌ಲ್ಯಾಂಡ್ ಪೌಂಡು. ಬ್ರಿಟಿಷ್ ಪೌಂಡಿಗೆ ಸರಿಸಮ ಬೆಲೆ, ಆದರೆ ಲಂಡನ್ನಿನ ಅಂಗಡಿಯವನು ಮುಟ್ಟಲಿಕ್ಕಿಲ್ಲ. ಇಲ್ಲೇ ಚಹಾ ಕುಡಿದು ಮುಗಿಸಿಬಿಡಿ. ಬೇಗ ಕುಡಿಯಿರಿ, ದೋಣಿಯ ಸಾಲು ಆಗಲೇ ರಸ್ತೆಯವರೆಗೆ ಬೆಳೆದಿದೆ.