ಸಾಸಿವೆ ಡಬ್ಬಿಯ ಬೀಗದ ಕೈ

ನಮ್ಮಜ್ಜಿ ಟ್ರಂಕಿನ ಬೀಗದ ಕೈಯನ್ನು ಸಾಸಿವೆ ಡಬ್ಬಿಯಲ್ಲಿ ಇಡುತ್ತಿದ್ದರು. ಮನೆಮಂದಿಗೆಲ್ಲ ಗೊತ್ತಿದ್ದ ಗುಟ್ಟು ಅದು. ಒಂದು ದಿನ ಅಜ್ಜಿಗೇ ಅನುಮಾನ ಬಂದು ಜಾಗ ಬದಲಾಯಿಸಿದರು, ಬದಲಾಯಿಸಿದ್ದನ್ನೂ ಮರೆತರು. ಆಮೇಲೆ ಅಡುಗೆಮನೆಯ ಡಬ್ಬಿಗಳೆಲ್ಲ ನಡುಮನೆಗೆ ಬಂದವು.

ಮೊನ್ನೆ ಅಜ್ಜಿ ನೆನಪಾದದ್ದು ಕೋಡಿನ ಬದಲಾವಣೆಗಳ ಲೆಕ್ಕವಿಡುವ ಗಿಟ್ ದೆಸೆಯಿಂದ. ದಸರಾ ರಜೆಗೆ ಬಂದಿದ್ದ ಅಕ್ಕನ ಮಗ ನನ್ನ ಕಂಪ್ಯೂಟರಿನಿಂದಲೇ ಕಾಲೇಜಿನ ಪ್ರಾಜೆಕ್ಟ್ ಕಳಿಸಿ, ಕೋಡುಬಳೆ ಕಟ್ಟಿಸಿಕೊಂಡು ಊರಿಗೆ ಹೋದ. ವಾರದ ಮೇಲೆ ನಾನು ನನ್ನ ಕೋಡ್ ಪುಶ್ ಮಾಡಿದರೆ, ಅವನ ಹೆಸರು ಹಿಡಿದು ‘ನಿನಗೆ ಅನುಮತಿ ಇಲ್ಲ’ ಎನ್ನಬೇಕೆ! ಮನೆ ನನ್ನದು, ಕುರ್ಚಿ ನನ್ನದು, ಬಾಗಿಲಲ್ಲಿ ಬೈಸಿಕೊಳ್ಳುತ್ತಿರುವವನು ಅಳಿಯ. ಪಾಸ್‌ವರ್ಡ್ ಕೇಳುವ ಸೌಜನ್ಯವೂ ಇಲ್ಲ.

ಗಿಟ್ ಸೆಟ್ಟಿಂಗಿನಲ್ಲಿ ಹೆಸರು ಬದಲಿಸಿದೆ. ಉಪಯೋಗವಾಗಲಿಲ್ಲ. ಅದು ಕಾಗದದ ಕೆಳಗಿನ ರುಜು ಮಾತ್ರ, ಗೇಟಿನಲ್ಲಿ ತೋರಿಸುವ ಚೀಟಿಯಲ್ಲ. ಸಿಟ್ಟಿಗೆ ಗಿಟ್ಟನ್ನೇ ಕಿತ್ತುಹಾಕಿ ಮತ್ತೆ ಹಾಕಿದೆ. ಅಳಿಯ ಅಲ್ಲೇ ಇದ್ದ!

ಕಾರಣ ಇಷ್ಟೇ: ಗಿಟ್ ಬೀಗದ ಕೈಯನ್ನು ತನ್ನ ಹತ್ತಿರ ಇಟ್ಟುಕೊಳ್ಳುವುದಿಲ್ಲ. ಕ್ರೆಡೆನ್ಶಿಯಲ್ ಹೆಲ್ಪರ್ ಎಂಬ ಕೈಯಾಳಿಗೆ ಕೊಟ್ಟು ನಿಶ್ಚಿಂತೆಯಿಂದ ಇರುತ್ತದೆ. ವಿಂಡೋಸಿನಲ್ಲಿ ಸಾಸಿವೆ ಡಬ್ಬಿಯೆಂದರೆ ಕಂಟ್ರೋಲ್ ಪ್ಯಾನೆಲ್ಲಿನ ಕ್ರೆಡೆನ್ಶಿಯಲ್ ಮ್ಯಾನೇಜರ್, ಮ್ಯಾಕ್‌ನಲ್ಲಿ ಕೀಚೈನ್. ಲಿನಕ್ಸಿನಲ್ಲಿ ಎರಡು ಬಗೆಯ ಆಳುಗಳು ಸಿಗುತ್ತಾರೆ. ‘ಕ್ಯಾಶ್’ ಎಂಬವನು ನನ್ನ ಜಾತಿಯವನು, ಬೇರೆ ಏನೂ ಹೇಳದಿದ್ದರೆ 900 ಸೆಕೆಂಡಿಗೆ, ಅಂದರೆ ಕಾಲು ಗಂಟೆಗೆ, ಎಲ್ಲ ಮರೆಯುತ್ತಾನೆ. ‘ಸ್ಟೋರ್’ ಮಾತ್ರ ಮಹಾ ಭೋಳೆ. ಚುಕ್ಕಿಯಿಂದ ಶುರುವಾಗುವ ಹೆಸರಿನ ಒಂದು ಕಡತದಲ್ಲಿ ಪಾಸ್‌ವರ್ಡನ್ನು ಇದ್ದದ್ದು ಇದ್ದಹಾಗೆ ಬರೆದಿಡುತ್ತಾನೆ. ಆ ಕಡತವನ್ನು ಕಂಪ್ಯೂಟರಿನ ಬೇರೆ ಬಳಕೆದಾರರು ಓದದಂತೆ ಅನುಮತಿ ಬಿಗಿಮಾಡುತ್ತಾನೆ, ಅಷ್ಟೇ ಅವನ ಕಾವಲು.

ಗಿಟ್ಟಿಗಿಂತ ಹಳಬನಾದ ಸಬ್‌ವರ್ಷನ್ನಿನ ವರಸೆಯೇ ಬೇರೆ. ಅದರದೇ ಫೋಲ್ಡರಿನೊಳಗೆ ‘ಆಥ್’ ಎಂಬ ಕೋಣೆ. ಅಲ್ಲಿನ ಕಡತಗಳಿಗೆ 32 ಅಕ್ಷರ-ಅಂಕಿಗಳ ಹೆಸರು. ಯಾವುದು ಯಾವ ಸರ್ವರಿನದೆಂದು ಒಳಗೆ ಇಣುಕಿ ನೋಡಿಯೇ ತಿಳಿಯಬೇಕಿತ್ತು. 2015ರ 1.9ನೇ ಆವೃತ್ತಿ ‘ಎಸ್‌ವಿಎನ್ ಆಥ್’ ಎಂಬ ಆಜ್ಞೆ ಕೊಟ್ಟ ಮೇಲೆ, ಇಟ್ಟದ್ದನ್ನು ಪಟ್ಟಿಮಾಡಿ ಬೇಡದ್ದನ್ನು ತೆಗೆಯುವುದು ಸಲೀಸಾಯಿತು.

ನನ್ನದು ವಿಂಡೋಸ್. ‘ಗಿಟ್’ ಎಂದು ಶುರುವಾಗುವ ಸಾಲು ಹುಡುಕಿ ಅಳಿಸಿದೆ. ಮುಂದಿನ ಪುಶ್‌ಗೆ ಕಂಪ್ಯೂಟರ್ ವಿನಯದಿಂದ ‘ತಾವು ಯಾರು?’ ಎಂದಿತು. ಗೆದ್ದ ಖುಷಿಯಲ್ಲಿ ಅಳಿಯನಿಗೆ ಫೋನ್ ಮಾಡಿದೆ.

“ನಿನ್ನ ಬೀಗದ ಕೈ ಕಿತ್ತು ಎಸೆದೆ ಕಣೋ.”

“ಎಸೆದದ್ದು ನಿಮ್ಮನೇಲಿದ್ದದ್ದು ಮಾಮ. ಅದೇ ಟೋಕನ್ನು ಹಾಸ್ಟೆಲ್ಲಿನ ಎರಡು ಕಂಪ್ಯೂಟರಲ್ಲೂ ಇದೆಯಲ್ಲ!”

ಹುಡುಗ ಹೇಳಿದ್ದು ದಿಟ. ಇಲ್ಲಿ ಅಳಿಸಿದರೆ ಒಂದು ಪ್ರತಿ ಹೋಯಿತು, ಬೀಗ ಬದಲಾಗಲಿಲ್ಲ. ನಾವು ಕೋಡ್ ಪುಶ್ ಮಾಡುವ ತಾಣವಾದ ಗಿಟ್‌ಹಬ್ 2021ರ ಆಗಸ್ಟ್ 13ರಿಂದ ಗಿಟ್ ಕೆಲಸಕ್ಕೆ ಖಾತೆಯ ಪಾಸ್‌ವರ್ಡ್ ಒಪ್ಪುವುದಿಲ್ಲ. ಅದರ ಬದಲು ಟೋಕನ್ನೋ ಎಸ್‌ಎಸ್‌ಎಚ್ ಕೀಲಿಯೋ ಬೇಕು. ಟೋಕನ್ನಿನ ಗುಣವೆಂದರೆ, ಖಾತೆಗೆ ಹೋಗಿ ಅದೊಂದನ್ನೇ ರದ್ದುಮಾಡಬಹುದು. ಅಲ್ಲಿ ರದ್ದಾದರೆ ಯಾವ ಡಬ್ಬಿಯಲ್ಲಿದ್ದರೂ ಅದು ಬರೀ ತಗಡು.

ಆದ್ದರಿಂದ ಹಳೆಯ ಲ್ಯಾಪ್‌ಟಾಪನ್ನು ಮಾರುವ, ಕೊಡುವ, ಆಫೀಸಿಗೆ ಮರಳಿಸುವ ಮುಂಚೆ ಸಾಸಿವೆ ಡಬ್ಬಿಯನ್ನು ಕೊಡವಿ ನೋಡಿ. ಆಮೇಲೆ ಮರೆಯದೆ ಬೀಗವನ್ನೂ ಬದಲಾಯಿಸಿ.